ಕಾಳು ಆರಿಸಿದಂತೆ ಜೀವಿಗಳನ್ನು ಆರಿಸೋಣ



ಇದು ಜೀವಿಗಳ ಪಾಠ. ಗಿಡ, ಬಳ್ಳಿ, ಹುಳ, ಹಕ್ಕಿ, ಹಾವು, ಮನುಷ್ಯ ಎಲ್ಲ ಇದರಲ್ಲಿ ಬರುತ್ತವೆ. ನಿಧಾನವಾಗಿ ಓದಿರಿ. ಗಟ್ಟಿಯಾಗಿ ಓದಿರಿ. ತಿಳಿಯದ ಪದಕ್ಕೆ ಗುರುತು ಹಾಕಿರಿ.

1. ಮೊರದಲ್ಲಿ ಏನಿದೆ?

ಶಹಾಬಾದದ ನಮ್ಮ ಓದು ಕೇಂದ್ರಕ್ಕೆ ಒಂದು ಸಂಜೆ ನಾನು ಮೊರ ತೆಗೆದುಕೊಂಡು ಹೋದೆ. ಮೊರದ ತುಂಬ ಕಾಳು ಬೆರಕೆ ಮಾಡಿ ಹಾಕಿದ್ದೆ. ತೊಗರಿ, ಕಡಲೆ, ಹೆಸರು, ಉದ್ದು, ಶೇಂಗಾ ಇದ್ದವು. ಜೋಳ, ಸಜ್ಜೆ, ಗೋಧಿ ಇದ್ದವು.

“ಇದನ್ನ ಎರಡು ಗುಂಪು ಮಾಡ್ರಿ” ಎಂದೆ.

ಹೆಂಗಸರು ನಕ್ಕರು. “ಇದೇನು ಪಾಠ ಅಕ್ಕೋರ? ದಿನಾ ಮಾಡೋ ಕೆಲಸ ಇದು.”

ಚಕಚಕ ಕೈ ಆಡಿಸಿದರು. ಒಂದು ಕಡೆ ಬೇಳೆ ಆಗುವ ಕಾಳು ಬಂತು. ಇನ್ನೊಂದು ಕಡೆ ರೊಟ್ಟಿ ಆಗುವ ಕಾಳು ಬಂತು. ಶೇಂಗಾ ಮಾತ್ರ ನಡುವೆ ಉಳಿಯಿತು.

ಒಬ್ಬಾಕೆ ಹೇಳಿದಳು: “ಶೇಂಗಾ ಎಣ್ಣಿ ಕಾಳು. ಬ್ಯಾರೆ ಇಡಬೇಕು.”

ಇನ್ನೊಬ್ಬಾಕೆ ಹೇಳಿದಳು: “ಇಲ್ಲ. ಸಿಪ್ಪಿ ತೆಗದ್ರ ಎರಡು ಹೋಳು ಆಗ್ತದ. ತೊಗರಿ ಹಂಗ ಅದ. ಬ್ಯಾಳಿ ಕಡೆ ಹಾಕ್ರಿ.”

ಇಬ್ಬರ ಮಾತೂ ಸರಿ. ಮೊದಲನೆಯವಳು ಉಪಯೋಗ ನೋಡಿದಳು. ಎರಡನೆಯವಳು ಕಾಳಿನ ರಚನೆ ನೋಡಿದಳು. ಅಡುಗೆಮನೆಯಲ್ಲಿ ಉಪಯೋಗ ನೋಡಿ ವಿಂಗಡಿಸುತ್ತೇವೆ. ಜೀವವಿಜ್ಞಾನಿಗಳು ರಚನೆ ನೋಡುತ್ತಾರೆ. ಹೂವು ಹೇಗಿದೆ, ಬೀಜ ಹೇಗಿದೆ, ಎಲುಬು ಇದೆಯೆ, ಕಾಲು ಎಷ್ಟು ಎಂದು ನೋಡುತ್ತಾರೆ. ಯಾವ ಜೀವಿಗೆ ಯಾವುದು ಹತ್ತಿರದ ರಕ್ತಸಂಬಂಧಿ ಎಂದು ಹುಡುಕುತ್ತಾರೆ. ಹೀಗೆ ಜೀವಿಗಳನ್ನು ಗುಂಪು ಮಾಡುವುದಕ್ಕೆ ವರ್ಗೀಕರಣ ಎಂದು ಹೆಸರು.

2. ತೊಗರಿಯ ಬಳಗ

ನಮ್ಮ ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೋದರೆ ತೊಗರಿ ಹೊಲಗಳೇ ಕಾಣುತ್ತವೆ.

ತೊಗರಿಗೆ ದೊಡ್ಡ ಬಳಗ ಇದೆ. ಕಡಲೆ, ಹೆಸರು, ಉದ್ದು, ಮಡಕಿ, ಅಲಸಂದಿ, ಶೇಂಗಾ, ಮೆಂತೆ ಎಲ್ಲ ಒಂದೇ ಕುಟುಂಬ. ಹುಣಸೆ ಗಿಡ ಕೂಡ ಇದೇ ಕುಟುಂಬ. ಜಾಲಿ ಗಿಡ ಕೂಡ ಇದೇ ಕುಟುಂಬ. ಜಾಲಿಯ ಕಾಯಿ ಬಿಡಿಸಿ ನೋಡಿರಿ. ತೊಗರಿ ಕಾಯಿಯ ಹಾಗೆ ಬೀಜ ಸಾಲಾಗಿ ಕೂತಿರುತ್ತವೆ.

ಜೋಳಕ್ಕೆ ಬೇರೆ ಬಳಗ. ಸಜ್ಜೆ, ಗೋಧಿ, ಭತ್ತ, ಕಬ್ಬು, ಬಿದಿರು ಎಲ್ಲ ಹುಲ್ಲಿನ ಕುಟುಂಬ. ಇವುಗಳ ಎಲೆ ಉದ್ದ. ಎಲೆಯ ಗೆರೆ ನೇರ. ಕಾಂಡಕ್ಕೆ ಗೆಣ್ಣು ಇದೆ. ತೊಗರಿ ಬೀಸುಕಲ್ಲಿಗೆ ಹಾಕಿದರೆ ಎರಡು ಹೋಳು ಆಗುತ್ತದೆ. ಜೋಳ ಹಾಕಿದರೆ ನುಚ್ಚು ಆಗುತ್ತದೆ. ಈ ಭೇದ ಬೀಸುವ ಕೈಗೆ ಮೊದಲೇ ಗೊತ್ತು.

“ಬಳಗ ತಿಳಕೊಂಡು ನಮಗೇನು ಲಾಭ ಅಕ್ಕೋರ?” ಎಂದು ಒಬ್ಬಾಕೆ ಕೇಳಿದಳು.

ಲಾಭ ಇದೆ. ತೊಗರಿ, ಶೇಂಗಾ, ಕಡಲೆ ಗಿಡ ಮೆಲ್ಲಗೆ ಕಿತ್ತು ಬೇರು ನೋಡಿರಿ. ಸಣ್ಣ ಸಣ್ಣ ಗಂಟು ಕಾಣುತ್ತವೆ. ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಇವೆ. ಅವುಗಳಿಗೆ ಬ್ಯಾಕ್ಟೀರಿಯಾ ಎನ್ನುತ್ತಾರೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ. ನೆಲಕ್ಕೂ ಸ್ವಲ್ಪ ಉಳಿಯುತ್ತದೆ. ಜೋಳದ ಬೇರಿನಲ್ಲಿ ಇಂಥ ಗಂಟು ಇಲ್ಲ. ಅದಕ್ಕೇ ಹಿರಿಯರು ಒಂದು ವರ್ಷ ಜೋಳ, ಒಂದು ವರ್ಷ ಕಾಳು ಬಿತ್ತುತ್ತಿದ್ದರು. ಅದರಿಂದ ಇನ್ನೊಂದು ಲಾಭವೂ ಇದೆ. ತೊಗರಿ ನಿಂತಲ್ಲೇ ಒಣಗುವ ನೆಟೆ ರೋಗ ಕಡಿಮೆ ಆಗುತ್ತದೆ. ನೆಟೆ ರೋಗ ತರುವುದು ಒಂದು ಶಿಲೀಂಧ್ರ. ಅದು ಮಣ್ಣಿನಲ್ಲಿ ಬದುಕುತ್ತದೆ. ಪ್ರತಿ ವರ್ಷ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಪ್ರತಿ ವರ್ಷ ಊಟ ಸಿಗುತ್ತದೆ.

ಶಿಲೀಂಧ್ರ ಗಿಡ ಅಲ್ಲ, ಪ್ರಾಣಿಯೂ ಅಲ್ಲ. ಅದು ಬೇರೆ ಗುಂಪು. ಅಣಬೆ, ರೊಟ್ಟಿಗೆ ಹಿಡಿಯುವ ಬೂಷ್ಟು ಅದೇ ಗುಂಪು.

ಒಂದು ಎಚ್ಚರಿಕೆ. ಒಂದೇ ಕುಟುಂಬ ಎಂದು ಎಲ್ಲವನ್ನೂ ತಿನ್ನಬಾರದು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಒಂದು ಕುಟುಂಬ. ತಿಪ್ಪೆಯ ಮೇಲೆ ಬೆಳೆಯುವ ದತ್ತೂರಿ ಕೂಡ ಅದೇ ಕುಟುಂಬ. ದತ್ತೂರಿ ವಿಷ. ಮಕ್ಕಳು ಅದರ ಕಾಯಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿರಿ.

3. ಜೀವಿಗೂ ಒಂದು ವಿಳಾಸ

ನೀವು ಈಗ ಪತ್ರ ಬರೆಯಲು ಕಲಿತಿದ್ದೀರಿ. ಪತ್ರದ ಮೇಲೆ ವಿಳಾಸ ಹೇಗೆ ಬರೆಯುತ್ತೀರಿ? ಮನೆ, ಓಣಿ, ಊರು, ತಾಲೂಕು, ಜಿಲ್ಲೆ, ರಾಜ್ಯ, ದೇಶ. ಏಳು ಮೆಟ್ಟಿಲು ಆದವು.

ಜೀವಿಯ ವಿಳಾಸಕ್ಕೂ ಮುಖ್ಯವಾಗಿ ಏಳು ಮೆಟ್ಟಿಲು ಇವೆ.

ಮನೆ ಇದ್ದಂತೆ ಪ್ರಭೇದ.
ಓಣಿ ಇದ್ದಂತೆ ಕುಲ.
ಊರು ಇದ್ದಂತೆ ಕುಟುಂಬ.
ತಾಲೂಕು ಇದ್ದಂತೆ ಗಣ.
ಜಿಲ್ಲೆ ಇದ್ದಂತೆ ವರ್ಗ.
ರಾಜ್ಯ ಇದ್ದಂತೆ ವಂಶ.
ದೇಶ ಇದ್ದಂತೆ ಸಾಮ್ರಾಜ್ಯ.

ಒಂದು ಉದಾಹರಣೆ ನೋಡೋಣ. ಚಿಂಚೋಳಿಯ ಕಾಡನ್ನು ಸರ್ಕಾರ 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿತು. ಅಲ್ಲಿ ತೋಳ ಇದೆ. ತೋಳ ಮತ್ತು ನಮ್ಮ ಬಾಗಿಲಿನ ನಾಯಿ ಒಂದೇ ಓಣಿಯವು. ಅಂದರೆ ಒಂದೇ ಕುಲ. ಹುಲಿ ಮತ್ತು ಬೆಕ್ಕು ಒಂದೇ ಊರಿನವು, ಓಣಿ ಬೇರೆ. ಅಂದರೆ ಕುಟುಂಬ ಒಂದು, ಕುಲ ಬೇರೆ. ನಾಯಿ ಮತ್ತು ಬೆಕ್ಕಿಗೆ ಊರು ಬೇರೆ, ತಾಲೂಕು ಒಂದು. ಇನ್ನು ಎಮ್ಮೆ, ಇಲಿ, ಮನುಷ್ಯ? ಇವುಗಳ ತಾಲೂಕು ಬೇರೆ ಬೇರೆ. ಆದರೆ ಜಿಲ್ಲೆ ಒಂದೇ. ಎಲ್ಲವೂ ಮರಿಗೆ ಹಾಲು ಕುಡಿಸುವ ವರ್ಗ.

ಹೆಸರಿನ ತೊಂದರೆ ಒಂದಿತ್ತು. ನಾವು ಶೇಂಗಾ ಎನ್ನುತ್ತೇವೆ. ಮೈಸೂರು ಕಡೆ ಕಡಲೆಕಾಯಿ ಎನ್ನುತ್ತಾರೆ. ತೆಲುಗಿನವರು ಪಲ್ಲಿ ಎನ್ನುತ್ತಾರೆ. ಕಾಳು ಒಂದೇ, ಹೆಸರು ಮೂರು. ಲೋಕದ ಎಲ್ಲರಿಗೂ ತಿಳಿಯಲು ಒಂದೇ ಹೆಸರು ಬೇಕಲ್ಲವೆ? ಸ್ವೀಡನ್ ದೇಶದಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಇದ್ದರು. ಅವರು 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಎರಡೆರಡು ಪದದ ಹೆಸರು ಕೊಟ್ಟು ಪುಸ್ತಕ ಬರೆದರು. ಮೊದಲ ಪದ ಕುಲದ್ದು. ಎರಡನೆಯ ಪದ ಪ್ರಭೇದದ್ದು. ತೊಗರಿಯ ಹೆಸರು ಕಜಾನಸ್ ಕಜಾನ್. ಈ ಪದ್ಧತಿ ಇಂದಿಗೂ ನಡೆದಿದೆ.

ಈವರೆಗೆ ವಿಜ್ಞಾನಿಗಳು ಸುಮಾರು 20 ಲಕ್ಷ ಬಗೆಯ ಜೀವಿಗಳಿಗೆ ಹೆಸರು ಇಟ್ಟಿದ್ದಾರೆ. ಹೆಸರು ಇಲ್ಲದವು ಇನ್ನೂ ಬಹಳ ಇವೆ. ನಮ್ಮ ದೇಶದ ಪ್ರಾಣಿಗಳ ಲೆಕ್ಕ ಇಡಲು 1916ರಿಂದ ಒಂದು ಸರ್ಕಾರಿ ಸಂಸ್ಥೆ ಇದೆ. ಅದು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. 2024ರಲ್ಲಿ ಅದು ಪಟ್ಟಿ ಪ್ರಕಟಿಸಿತು. ಭಾರತದಲ್ಲಿ 1 ಲಕ್ಷ 4 ಸಾವಿರಕ್ಕೂ ಹೆಚ್ಚು ಬಗೆಯ ಪ್ರಾಣಿಗಳಿವೆ ಎಂದು ಅದರಲ್ಲಿದೆ.

ಆಗ ಒಬ್ಬಾಕೆ ಎದ್ದು ಕೇಳಿದಳು. “ಮನಷ್ಯಾರಾಗ ಎಷ್ಟು ಕುಲ ಬರದಾರ ಅಕ್ಕೋರ, ಆ ಪುಸ್ತಕದಾಗ?”

“ಒಂದೇ” ಎಂದೆ. “ಕುಲ ಒಂದೇ, ಪ್ರಭೇದ ಒಂದೇ. ಹೋಮೋ ಸೇಪಿಯನ್ಸ್ ಅಂತ ಹೆಸರು. ಬ್ಯಾರೆ ಓಣಿ ಇಲ್ಲ.”

ಆಕೆ ಏನೂ ಮಾತಾಡಲಿಲ್ಲ. ಪಾಟಿಯ ಮೇಲೆ ‘ಒಂದೇ’ ಎಂದು ಬರೆದುಕೊಂಡಳು.

4. ಕಾಲು ಎಣಿಸಿರಿ

ಪ್ರಾಣಿ ನೋಡಿದಾಗ ಮೊದಲು ಕೇಳಿರಿ: ಬೆನ್ನೆಲುಬು ಇದೆಯೆ? ಮೀನು, ಕಪ್ಪೆ, ಹಾವು, ಹಕ್ಕಿ, ಆಕಳು ಇವಕ್ಕೆ ಬೆನ್ನೆಲುಬು ಇದೆ. ಇರುವೆ, ಚೇಳು, ಎರೆಹುಳಕ್ಕೆ ಇಲ್ಲ.

ಎಲುಬಿಲ್ಲದ್ದಕ್ಕೆ ಕಾಲು ಎಣಿಸಿರಿ. ಆರು ಕಾಲು ಇದ್ದರೆ ಕೀಟ. ಇರುವೆ, ನೊಣ, ಸೊಳ್ಳೆ, ಜೇನು ಕೀಟಗಳು. ಎಂಟು ಕಾಲು ಇದ್ದರೆ ಜೇಡದ ಬಳಗ. ಚೇಳಿಗೆ ಎಂಟು ಕಾಲು. ಮುಂದಿನ ಎರಡು ಇಕ್ಕುಳ ಕಾಲಲ್ಲ, ಎಣಿಸಬೇಡಿರಿ.

ಬಾವಲಿ ಹಾರುತ್ತದೆ. ಆದರೆ ಹಕ್ಕಿ ಅಲ್ಲ. ಅದಕ್ಕೆ ಗರಿ ಇಲ್ಲ. ಅದು ಮೊಟ್ಟೆ ಇಡುವುದಿಲ್ಲ. ಮರಿ ಹಾಕಿ ಹಾಲು ಕುಡಿಸುತ್ತದೆ. ಅದು ನಮ್ಮ ವರ್ಗ.

ತೊಗರಿ ಕಾಯಿ ಕೊರೆಯುವ ಹಸಿರು ಹುಳ ನಿಮಗೆ ಗೊತ್ತು. ರಾತ್ರಿ ದೀಪಕ್ಕೆ ಬರುವ ಕಂದು ಪತಂಗಗಳನ್ನೂ ನೋಡಿದ್ದೀರಿ. ಅವುಗಳಲ್ಲಿ ಒಂದು ಬಗೆ ಈ ಹುಳದ ತಾಯಿ. ತಾಯಿ ಪತಂಗ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಹುಳ ಬರುತ್ತದೆ. ಹುಳ ಬೆಳೆದು ಮತ್ತೆ ಪತಂಗ ಆಗುತ್ತದೆ. ಎರಡು ರೂಪ, ಒಂದೇ ಜೀವಿ.

5. ಆಯಿ ಹೇಳಿದ ಮಾತು

ಮಾತು ಹಾವಿಗೆ ಬಂತು. ಶಹಾಬಾದದ ಸುತ್ತ ಪರ್ಸಿ ಕಲ್ಲಿನ ಖಣಿಗಳಿವೆ. ಒಟ್ಟಿದ ಕಲ್ಲಿನ ಸಂದಿಯಲ್ಲಿ ಹಾವು, ಚೇಳು ಸೇರುತ್ತವೆ. ತೊಗರಿ ಕೊಯ್ಯುವಾಗ ಕಾಲ ಬಳಿ ಹಾವು ಬರುತ್ತದೆ.

ಒಬ್ಬಾಕೆ ಹೇಳಿದಳು: “ಹಾವು ಅಂದ್ರ ಹಾವು. ಎಲ್ಲಾ ಒಂದೇ. ಕಂಡಲ್ಲಿ ಹೊಡಿಬೇಕು.”

ಇನ್ನೊಬ್ಬಾಕೆ ಹೇಳಿದಳು: “ಹೆಡಿ ಇದ್ರ ವಿಷ. ಹೆಡಿ ಇಲ್ಲದ್ದು ಏನೂ ಮಾಡಂಗಿಲ್ಲ.”

ಮೂಲೆಯಲ್ಲಿ ಒಬ್ಬ ಆಯಿ ಕೂತಿದ್ದರು. ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಬಹಳ ಮಾತಾಡುವವರಲ್ಲ. ಅವತ್ತು ಮಾತಾಡಿದರು.

“ಹಂಗ ಅನಬ್ಯಾಡ್ರಿ. ನಾವೂ ಹಂಗ ಅಂದಿದ್ದಿವಿ. ಆಗ ಖಣಿ ಬಾಜೂಕ ಗುಡಸಲ ಹಾಕ್ಕೊಂಡಿದ್ದಿವಿ. ನನ್ನ ಮಗಳು ಎಂಟು ವರ್ಷದಾಕಿ. ನೆಲದ ಮ್ಯಾಲ ನನ್ನ ಬಾಜೂಕ ಮಲಗಿದ್ಳು. ನಡು ರಾತ್ರಿ ಏನೋ ಕಡೀತು ಅಂತ ಎದ್ಳು. ಚಿಮಣಿ ಹಚ್ಚಿ ನೋಡಿದ್ರ ಬಾವು ಇಲ್ಲ, ರಕ್ತ ಇಲ್ಲ. ಹಾಸಿಗಿ ಝಾಡಿಸಿದ್ರ ಕರೀ ಸಣ್ಣ ಹಾವು ಹರದು ಹೋಯ್ತು. ಇಷ್ಟ ಸಣ್ಣದು, ಹೆಡಿ ಇಲ್ಲ, ಇದೇನು ಮಾಡ್ತದ ಅಂದಿವಿ. ಹೊಟ್ಟಿ ನೋಯ್ತದ ಅಂದ್ಳು. ಓಮ ಕೊಟ್ಟು ಮಲಗಿಸಿದಿವಿ. ಮುಂಜಾನಿ ಎಬ್ಬಿಸಿದ್ರ ಕಣ್ಣ ರೆಪ್ಪಿ ಎತ್ತಲಿಕ್ಕಿ ಬರಲಿಲ್ಲ. ಮಾತು ತೊದಲಿತು. ಬಂಡಿ ಕಟ್ಟೋದ್ರಾಗ ಉಸಿರು ನಿಂತಿತು.”

ಯಾರೂ ಮಾತಾಡಲಿಲ್ಲ.

ಆಯಿ ಕೇಳಿದರು: “ಆ ಹಾವಿನ ಹೆಸರು ಏನ್ರಿ ಅಕ್ಕೋರ?”

ನಾನು ಹೇಳಿದೆ: “ಕಟ್ಟುಹಾವು, ಆಯಿ.”

“ಹೆಸರು ಗೊತ್ತಿದ್ದಿಲ್ರಿ. ಗೊತ್ತಿದ್ರ ಮಲಗಸ್ತಿದ್ದಿಲ್ಲ.”

6. ನಾಲ್ಕು ಹೆಸರು ನೆನಪಿಡಿ

ನಮ್ಮ ಸುತ್ತ ಇರುವ ಹಾವುಗಳಲ್ಲಿ ಬಹಳಷ್ಟಕ್ಕೆ ಮನುಷ್ಯನನ್ನು ಕೊಲ್ಲುವ ವಿಷ ಇಲ್ಲ. ಕೇರೆಹಾವು ಇಲಿ ತಿಂದು ರೈತನ ಕಾಳು ಉಳಿಸುತ್ತದೆ. ನೀರುಹಾವಿಗೆ, ಮಣ್ಣುಮುಕ್ಕ ಹಾವಿಗೆ ವಿಷ ಇಲ್ಲ. ಭಾರತದಲ್ಲಿ ಹೆಚ್ಚು ಜೀವ ತೆಗೆಯುವ ಹಾವುಗಳು ನಾಲ್ಕು.

ನಾಗರಹಾವು. ಹೆಡೆ ಎತ್ತುತ್ತದೆ. ಬುಸ್ ಎನ್ನುತ್ತದೆ.

ಕಟ್ಟುಹಾವು. ಇದಕ್ಕೆ ಕಡಂಬಳ ಎಂದೂ ಹೆಸರು. ಮೈ ಕಪ್ಪು, ನುಣುಪು. ಮೈ ಮೇಲೆ ತೆಳು ಬಿಳಿ ಪಟ್ಟಿ. ಹೆಡೆ ಇಲ್ಲ. ರಾತ್ರಿ ತಿರುಗುತ್ತದೆ. ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಕಡಿದ ಜಾಗದಲ್ಲಿ ನೋವು, ಬಾವು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ.

ಕೊಳಕುಮಂಡಲ. ದಪ್ಪ ಮೈ. ಬೆನ್ನ ಮೇಲೆ ಸರಪಳಿಯ ಹಾಗೆ ಕಂದು ಚುಕ್ಕೆ ಸಾಲು. ಕುಕ್ಕರ್ ಸೀಟಿಯ ಹಾಗೆ ಜೋರಾಗಿ ಬುಸುಗುಡುತ್ತದೆ.

ಗರಗಸಮಂಡಲ. ಸಣ್ಣ ಹಾವು. ಕಲ್ಲು ಇರುವ ಒಣ ನೆಲದಲ್ಲಿ ಇರುತ್ತದೆ. ಮೈ ಸುರುಳಿ ಮಾಡಿ ಉಜ್ಜಿ ಗರಗರ ಸದ್ದು ಮಾಡುತ್ತದೆ.

ಇಲ್ಲಿ ವರ್ಗೀಕರಣ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿರಿ. ನಾಗರಹಾವಿಗೆ ಹೆಡೆ ಇದೆ, ಕಟ್ಟುಹಾವಿಗೆ ಇಲ್ಲ. ಆದರೂ ಎರಡೂ ಒಂದೇ ಕುಟುಂಬ. ಇವುಗಳ ವಿಷ ನರಗಳಿಗೆ ತಗಲುತ್ತದೆ. ರೆಪ್ಪೆ ಬೀಳುತ್ತದೆ. ಮಾತು ತೊದಲುತ್ತದೆ. ಉಸಿರು ನಿಲ್ಲುತ್ತದೆ. ಎರಡು ಮಂಡಲಗಳದ್ದು ಇನ್ನೊಂದು ಕುಟುಂಬ. ಇವುಗಳ ವಿಷ ರಕ್ತಕ್ಕೆ ತಗಲುತ್ತದೆ. ಬಾವು ಬರುತ್ತದೆ. ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಡಾಕ್ಟರು ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಬಿಟ್ಟು ನೋಡುತ್ತಾರೆ.

ಕಟ್ಟುಹಾವಿನ ಕುಲದ ಹೆಸರು ಬಂಗಾರಸ್. ಅದು ಪಕ್ಕದ ತೆಲುಗಿನಿಂದ ಬಂದ ಪದ. ನಮ್ಮ ‘ಬಂಗಾರ’ವೇ ಅದು. ಕೊಳಕುಮಂಡಲದ ಹೆಸರು ಡಬೋಯಾ ರಸೆಲಿ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆಂಧ್ರದ ಕಡಲ ತೀರದಲ್ಲಿ ಹಾವುಗಳ ಅಭ್ಯಾಸ ಮಾಡಿದ ಡಾಕ್ಟರ್ ಪ್ಯಾಟ್ರಿಕ್ ರಸೆಲ್ ಅವರ ನೆನಪಿಗೆ ಆ ಹೆಸರು ಇಟ್ಟರು.

ಹಾವಿನ ವಿಷಕ್ಕೆ ಮದ್ದು ಇದೆ. ಈ ನಾಲ್ಕೂ ಹಾವಿನ ವಿಷಕ್ಕೆ ಆಗುವ ಒಂದೇ ಇಂಜೆಕ್ಷನ್ ಅದು. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ಮದ್ದು ತೆಗೆಯುತ್ತಾರೆ. ಅದಕ್ಕೆ ಬೇಕಾದ ವಿಷವನ್ನು ತಮಿಳುನಾಡಿನ ಇರುಳರು ಹಾವು ಹಿಡಿದು ತೆಗೆದುಕೊಡುತ್ತಾರೆ. 1978ರಲ್ಲಿ ಅವರದೇ ಸಹಕಾರ ಸಂಘ ಆಯಿತು. ಒಂದೇ ಮದ್ದು ನಾಲ್ಕಕ್ಕೂ ಆಗುವುದರಿಂದ ಹಾವನ್ನು ಹಿಡಿದು ಆಸ್ಪತ್ರೆಗೆ ತರಬೇಕಾಗಿಲ್ಲ. ಹಿಡಿಯಲು ಹೋದವರು ತಾವೂ ಕಡಿಸಿಕೊಳ್ಳುತ್ತಾರೆ.

ಭಾರತದಲ್ಲಿ 2000ರಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸುಮಾರು 58 ಸಾವಿರ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಹಾವು ಕಡಿದ ಪ್ರತಿ ಸಂಗತಿಯನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು.

7. ಹಾವು ಕಡಿದರೆ

1. ಹೆದರಿಸಬೇಡಿರಿ. ಧೈರ್ಯ ಹೇಳಿರಿ. ನಡೆಸಬೇಡಿರಿ, ಓಡಿಸಬೇಡಿರಿ.

2. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ಕೂಡಲೇ ತೆಗೆಯಿರಿ. ಬಾವು ಬಂದರೆ ಅವು ಬಿಗಿದು ರಕ್ತ ನಿಲ್ಲಿಸುತ್ತವೆ. ಬಳೆ ತೆಗೆಯುವುದು ಅಪಶಕುನ ಎನ್ನಬೇಡಿರಿ. ಜೀವ ಉಳಿದರೆ ನಾಳೆ ಡಜನ್ ಬಳೆ ತೊಡಬಹುದು.

3. ಕಡಿದ ಕೈ ಅಥವಾ ಕಾಲು ಅಲುಗಾಡದಂತೆ ಕಟ್ಟಿಗೆ ಇಟ್ಟು ಸಡಿಲಾಗಿ ಕಟ್ಟಿರಿ. ಹಗ್ಗದಿಂದ ಬಿಗಿಯಬೇಡಿರಿ.

4. ಕೊಯ್ಯಬೇಡಿರಿ. ಬಾಯಿಂದ ಹೀರಬೇಡಿರಿ. ಸೊಪ್ಪು, ಸುಣ್ಣ ಹಚ್ಚಬೇಡಿರಿ.

5. ಕೂಡಲೇ 108ಕ್ಕೆ ಫೋನ್ ಮಾಡಿರಿ. ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಮದ್ದು ಅಲ್ಲಿ ಉಚಿತ. ದೇವರಿಗೆ ಹರಕೆ ಹೊರುವುದಿದ್ದರೆ ದಾರಿಯಲ್ಲೇ ಹೊರಿರಿ. ಮಂತ್ರಕ್ಕಾಗಿ ನಿಂತು ಹೊತ್ತು ಕಳೆಯಬೇಡಿರಿ.

6. ‘ವಿಷ ಇಲ್ಲದ ಹಾವು’ ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿರಿ. ಕಟ್ಟುಹಾವಿನ ಹಾಗೆಯೇ ಕಾಣುವ, ವಿಷ ಇಲ್ಲದ ತೋಳಹಾವೂ ಇದೆ. ಗಾಬರಿಯಲ್ಲಿ ಭೇದ ತಿಳಿಯುವುದಿಲ್ಲ. ತೀರ್ಮಾನ ಡಾಕ್ಟರಿಗೆ ಬಿಡಿರಿ.

ಕಡಿಯದ ಹಾಗೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ. ಹೊರಸಿನ ಮೇಲೆ ಮಲಗಿರಿ. ನೆಲದ ಮೇಲೆ ಮಲಗಿದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿರಿ. ಕಟ್ಟಿಗೆ, ಕುಳ್ಳು, ಪರ್ಸಿ ಕಲ್ಲು ಎತ್ತುವ ಮೊದಲು ಕೋಲಿನಿಂದ ತಟ್ಟಿರಿ.

ಪಾಠ ಮುಗಿದ ಮೇಲೆ ಎಲ್ಲರೂ ಎದ್ದರು. ಆಯಿ ಏಳಲಿಲ್ಲ. “ಆ ಹೆಸರು ಬರದು ತೋರಸ್ರಿ ಅಕ್ಕೋರ” ಎಂದರು. ನಾನು ಪಾಟಿಯ ಮೇಲೆ ಬರೆದೆ. ಟ ಒತ್ತು ಅವರಿಗೆ ಕಷ್ಟ ಆಯಿತು. ಅಳಿಸಿ ಅಳಿಸಿ ಬರೆದರು. ನಾಲ್ಕನೆಯ ಸಲ ಸರಿಯಾಗಿ ಬಂತು. ಪಾಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: “ಮನಿಗಿ ಒಯ್ಯತೀನ್ರಿ. ಮೊಮ್ಮಕ್ಕಳಿಗಿ ಓದಿಸ್ತೀನಿ.”

ಅಭ್ಯಾಸ

ಅ. ಈ ಪದಗಳನ್ನು ಓದಿರಿ, ಬರೆಯಿರಿ:
ವರ್ಗೀಕರಣ, ಕುಟುಂಬ, ಪ್ರಭೇದ, ಶಿಲೀಂಧ್ರ, ಕಟ್ಟುಹಾವು, ಕೊಳಕುಮಂಡಲ.

ಆ. ಬಿಟ್ಟ ಜಾಗ ತುಂಬಿರಿ:
1. ತೊಗರಿ ಮತ್ತು ಶೇಂಗಾ ಒಂದೇ ........
2. ಕೀಟಕ್ಕೆ ........ ಕಾಲು.
3. ಮನುಷ್ಯರೆಲ್ಲರ ಕುಲ ........
4. ಹಾವು ಕಡಿದರೆ ಕರೆಯುವ ಫೋನ್ ನಂಬರ್ ........

ಇ. ಉತ್ತರ ಬರೆಯಿರಿ:
1. ಬಾವಲಿ ಏಕೆ ಹಕ್ಕಿ ಅಲ್ಲ?
2. ಕಟ್ಟುಹಾವು ಕಡಿದದ್ದು ಏಕೆ ಬೇಗ ತಿಳಿಯುವುದಿಲ್ಲ?
3. ಹಾವು ಕಡಿದಾಗ ಬಳೆ, ಕಾಲುಂಗುರ ಏಕೆ ತೆಗೆಯಬೇಕು?

ಈ. ಮಾಡಿ ನೋಡಿರಿ:
ನಿಮ್ಮ ಮನೆಯ ಸುತ್ತ ಇರುವ ಹತ್ತು ಜೀವಿಗಳ ಹೆಸರು ಬರೆಯಿರಿ. ಅವನ್ನು ಗುಂಪು ಮಾಡಿರಿ. ಏಕೆ ಹಾಗೆ ಮಾಡಿದಿರಿ ಎಂದು ಪಕ್ಕದವರಿಗೆ ಹೇಳಿರಿ.

ಉ. ಮಾತಾಡೋಣ:
ನಿಮ್ಮ ಊರಿನಲ್ಲಿ ಹಾವು ಕಡಿದಾಗ ಮೊದಲು ಏನು ಮಾಡುತ್ತಾರೆ? ಇನ್ನು ಮುಂದೆ ಏನು ಮಾಡಬೇಕು? ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ? ರಾತ್ರಿ ಹೋಗಲು ಯಾರ ಗಾಡಿ ಸಿಗುತ್ತದೆ? ಅವರ ಫೋನ್ ನಂಬರನ್ನು ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಇಡಿರಿ.